ದುಡಿದದ್ದೇ ಅಪರಾಧವೇ? ಪರವಾನಗಿ ಇಲ್ಲದ ಕೆಲಸ, ಶಿಕ್ಷೆ ಮತ್ತು ಮೇಲ್ಮನವಿ

ಪರದೇಶದಲ್ಲಿ ಪರವಾನಗಿ ಇಲ್ಲದೆ ಕೆಲಸ ಮಾಡಿ ಸಿಕ್ಕಿಬಿದ್ದರೆ ಜೈಲು, ಆಮೇಲೆ ಗಡಿಪಾರು ಎಂಬುದು ಸಾಮಾನ್ಯ ನಂಬಿಕೆ. ಗಡಿಪಾರಿನ ಮಾತು ಬಹುಮಟ್ಟಿಗೆ ನಿಜ. ಜೈಲಿನ ಮಾತು ಅಷ್ಟು ನೇರವಾಗಿಲ್ಲ. ಅಮೆರಿಕದ ಫೆಡರಲ್ ಕಾನೂನಿನಲ್ಲಿ, ಅನುಮತಿ ಇಲ್ಲದೆ ದುಡಿದ ಕೆಲಸಗಾರನನ್ನು ಆ ಒಂದೇ ಕಾರಣಕ್ಕೆ ಜೈಲಿಗೆ ಕಳಿಸುವ ಕಲಮು ಇಲ್ಲ. ಹಾಗಿದ್ದೂ ಕಸಾಯಿಖಾನೆ, ಉಕ್ಕಿನ ಕಾರ್ಖಾನೆ, ಹೋಟೆಲ್ ಅಡುಗೆಮನೆಗಳಲ್ಲಿ ದುಡಿಯುತ್ತಿದ್ದ ನೂರಾರು ಮಂದಿ ಕ್ರಿಮಿನಲ್ ಕೇಸಿನಲ್ಲಿ ದೋಷಿಗಳಾಗಿ ಜೈಲು ಕಂಡಿದ್ದಾರೆ. ಅವರಲ್ಲಿ ಕೆಲವರು ಮೇಲಿನ ಕೋರ್ಟಿಗೆ ಹೋದರು, ಒಂದಿಷ್ಟು ಮಂದಿ ಗೆದ್ದರು.

ಆ ತೀರ್ಪುಗಳನ್ನು ಒಂದರ ಹಿಂದೆ ಒಂದರಂತೆ ಓದುತ್ತ ಹೋದರೆ ಒಂದು ವಿಚಿತ್ರ ಎದ್ದು ಕಾಣುತ್ತದೆ. ಕೆಲಸದ ಬಗ್ಗೆ ಕೋರ್ಟಿನಲ್ಲಿ ಯಾರೂ ವಾದಿಸುವುದೇ ಇಲ್ಲ. ವಾದವೆಲ್ಲ ಕಾಗದದ ಮೇಲೆ: ಯಾವ ಫಾರಂ, ಯಾರ ನಂಬರು, ಯಾವ ಚೌಕಕ್ಕೆ ಗುರುತು ಹಾಕಿದ್ದು, ಸಹಿ ಮಾಡುವಾಗ ವಕೀಲರು ಏನು ಹೇಳಿದ್ದರು. ಈ ಲೇಖನ ಮುಖ್ಯವಾಗಿ ಅಮೆರಿಕದ ಚರ್ಚೆಯನ್ನು ಹಿಡಿದು ಸಾಗುತ್ತದೆ. ಬೇರೊಂದು ದಾರಿ ತುಳಿದ ಬ್ರಿಟನ್ನನ್ನು ಹೋಲಿಕೆಗೆ ತೆಗೆದುಕೊಂಡಿದ್ದೇನೆ.

1986ರ ರಾಜಿ

1952ರ ವಲಸೆ ಕಾನೂನು ಅಕ್ರಮವಾಗಿ ಬಂದವರಿಗೆ ಆಶ್ರಯ ಕೊಡುವುದನ್ನು ಅಪರಾಧವೆಂದಿತು. ಕೆಲಸ ಕೊಟ್ಟರೆ ಅದನ್ನು ಆಶ್ರಯವೆಂದು ಎಣಿಸಬಾರದು ಎಂಬ ವಿನಾಯಿತಿಯನ್ನೂ ಜತೆಗೇ ಸೇರಿಸಿತು. ಮೆಕ್ಸಿಕೋದ ಕೂಲಿಗಳನ್ನು ನೆಚ್ಚಿಕೊಂಡಿದ್ದ ಟೆಕ್ಸಸ್ ಜಮೀನುದಾರರಿಗೆ ಇದರಿಂದ ಅನುಕೂಲವಾಯಿತು. ಅದಕ್ಕೆ 'ಟೆಕ್ಸಸ್ ವಿನಾಯಿತಿ' ಎಂದೇ ಹೆಸರು ಬಿತ್ತು. ಕ್ಯಾಲಿಫೋರ್ನಿಯಾ ರಾಜ್ಯ ತಾನೇ ಮಾಲೀಕರನ್ನು ದಂಡಿಸಲು ಕಾನೂನು ಮಾಡಿದಾಗ, 1976ರ ಡಿ ಕಾನಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆಯಲಿಲ್ಲ.

ಚಿತ್ರ ಬದಲಾದದ್ದು 1986ರ ನವೆಂಬರ್ 6ರಂದು, ಅಧ್ಯಕ್ಷ ರೇಗನ್ ಸಹಿ ಹಾಕಿದ ಹೊಸ ಕಾಯ್ದೆಯಿಂದ. ಗೊತ್ತಿದ್ದೂ ಅನುಮತಿ ಇಲ್ಲದವರನ್ನು ಇಟ್ಟುಕೊಂಡ ಮಾಲೀಕರಿಗೆ ದಂಡ, ಅದೇ ರೂಢಿಯಾದರೆ ಆರು ತಿಂಗಳವರೆಗೆ ಜೈಲು. ಕೆಲಸಕ್ಕೆ ಸೇರುವ ಪ್ರತಿಯೊಬ್ಬರೂ ಐ-9 ಎಂಬ ಫಾರಂ ತುಂಬಿ ದಾಖಲೆ ತೋರಿಸಬೇಕು. ಕೆಲಸಗಾರನಿಗೂ ಕ್ರಿಮಿನಲ್ ಶಿಕ್ಷೆ ಬೇಕೇ ಎಂಬ ಪ್ರಶ್ನೆ ಆಗ ಎದ್ದಿತ್ತು. ಅದು ಅನಗತ್ಯ, ಜಾರಿ ಮಾಡಲಿಕ್ಕೂ ಆಗದು ಎಂದು ಸಂಸತ್ತೇ ನೇಮಿಸಿದ್ದ ಆಯೋಗ ಹೇಳಿತ್ತು. ಸಂಸತ್ತು ಕೈಬಿಟ್ಟಿತು. ಆದರೆ ಸುಳ್ಳು ದಾಖಲೆ ತೋರಿಸಿ ಕೆಲಸ ಗಿಟ್ಟಿಸುವುದನ್ನು ಐದು ವರ್ಷದವರೆಗೆ ಜೈಲು ವಿಧಿಸಬಹುದಾದ ಅಪರಾಧ ಮಾಡಿತು.

ವ್ಯತ್ಯಾಸ ಎಷ್ಟರದು ಎಂಬುದಕ್ಕೆ ನಮ್ಮವರಿಗೆ ಪರಿಚಿತವಾದ ಸನ್ನಿವೇಶವನ್ನೇ ತೆಗೆದುಕೊಳ್ಳಿ. ಎಚ್-1ಬಿ ವೀಸಾದ ಗಂಡನ ಜತೆ ಎಚ್-4 ವೀಸಾದಲ್ಲಿ ಹೋದ ಹೆಂಡತಿ, ಕೆಲಸದ ಪರವಾನಗಿ ಇಲ್ಲದೆ, ಅದೇ ಅಪಾರ್ಟ್‌ಮೆಂಟಿನ ನಾಲ್ಕು ಮನೆಗಳಿಗೆ ದುಡ್ಡಿಗೆ ಚಪಾತಿ-ಪಲ್ಯ ಮಾಡಿಕೊಡುತ್ತಾಳೆ ಎನ್ನಿ. ಅದು ವೀಸಾ ಷರತ್ತಿನ ಉಲ್ಲಂಘನೆ. ಗಡಿಪಾರಿಗೂ ಕಾರಣವಾಗಬಹುದು, ಗ್ರೀನ್ ಕಾರ್ಡಿಗೂ ಅಡ್ಡ ಬರಬಹುದು. (ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ಅರ್ಜಿಯಾದರೆ 180 ದಿನ ಮೀರದ ಇಂಥ ತಪ್ಪಿಗೆ ರಿಯಾಯಿತಿ ಉಂಟು.) ಆದರೆ ಚಪಾತಿ ಲಟ್ಟಿಸಿದ್ದಕ್ಕೆ ಜೈಲಿಲ್ಲ. ಅದೇ ಆಕೆ ದಿನಸಿ ಅಂಗಡಿಯ ಕೌಂಟರಿನ ಕೆಲಸಕ್ಕೆ ಸೇರಲು ನಕಲಿ ಕಾರ್ಡು ತೋರಿಸಿದರೆ ವಿಷಯ ಕ್ರಿಮಿನಲ್ ಕೋರ್ಟಿಗೆ ಹೋಗುತ್ತದೆ. ಫಾರಂ ಇಲ್ಲದ ಕೆಲಸ ಸಿಗದಂತೆ ಮಾಡಿ, ಸುಳ್ಳು ಹೇಳದೆ ಫಾರಂ ತುಂಬಲಾಗದಂತೆ ಮಾಡಿದ ಮೇಲೆ, ಕೆಲಸವನ್ನು ಅಪರಾಧ ಮಾಡಿಲ್ಲ ಎಂಬ ಮಾತಿಗೆ ಎಷ್ಟು ತೂಕ ಎಂದು ಟೀಕಾಕಾರರು ಕೇಳುತ್ತಾರೆ. ಆ ಟೀಕೆ ಪೂರ್ತಿ ಸರಿಯಲ್ಲ ಎಂದು ನನಗನ್ನಿಸುತ್ತದೆ, ಏಕೆಂದರೆ ಈ ತೆಳು ಅಂತರವೇ ಮುಂದೆ ಹಲವರನ್ನು ಕಾಪಾಡಿದೆ.

ಆ ನಂಬರು ಯಾರದೆಂದು ಗೊತ್ತಿತ್ತೇ?

ಮೇಲ್ಮನವಿಯ ಮೊದಲ ದಾರಿ ಆರೋಪಿಯ ಮನಸ್ಸಿನದು. 2004ರಲ್ಲಿ ಬಂದ ಕಾನೂನೊಂದು ಇನ್ನೊಬ್ಬರ ಗುರುತಿನ ಸಂಖ್ಯೆಯನ್ನು ಗೊತ್ತಿದ್ದು ಬಳಸಿದವರಿಗೆ ಎರಡು ವರ್ಷದ ಹೆಚ್ಚುವರಿ ಜೈಲನ್ನು ಕಡ್ಡಾಯ ಮಾಡಿತು. ನ್ಯಾಯಾಧೀಶರು ಮನಸ್ಸು ಮಾಡಿದರೂ ಇಳಿಸುವಂತಿಲ್ಲ. ಉದ್ದೇಶವೇನೋ ಬ್ಯಾಂಕ್ ಖಾತೆ ದೋಚುವ ಕಳ್ಳರನ್ನು ಹಿಡಿಯುವುದು. ಬಲೆಗೆ ಬಿದ್ದವರಲ್ಲಿ ಕೂಲಿಗಳೂ ಇದ್ದರು.

ಫ್ಲೋರೆಸ್-ಫಿಗೆರೋವಾ ಪ್ರಕರಣ ಹುಟ್ಟಿದ್ದು ಇಲಿನಾಯ್ ರಾಜ್ಯದ ಈಸ್ಟ್ ಮೊಲೀನ್ ಊರಿನ ಉಕ್ಕಿನ ಕಾರ್ಖಾನೆಯಲ್ಲಿ. ಮೆಕ್ಸಿಕೋದ ಈ ಕಾರ್ಮಿಕ 2000ದಲ್ಲಿ ಸುಳ್ಳು ಹೆಸರು, ಸುಳ್ಳು ಜನ್ಮದಿನಾಂಕ, ಸುಳ್ಳು ಸೋಷಿಯಲ್ ಸೆಕ್ಯುರಿಟಿ ನಂಬರು ಕೊಟ್ಟು ಸೇರಿಕೊಂಡ. ಆ ನಂಬರು ಯಾರಿಗೂ ಸೇರಿದ್ದಾಗಿರಲಿಲ್ಲ. 2006ರಲ್ಲಿ ತನ್ನ ನಿಜವಾದ ಹೆಸರಿನಲ್ಲೇ ಗುರುತು ಹೇಳಿಕೊಳ್ಳಬೇಕೆನ್ನಿಸಿ ಹೊಸ ಕಾರ್ಡುಗಳನ್ನು ತಂದುಕೊಟ್ಟ. ಹೆಸರು ಅವನದೇ, ಕಾರ್ಡುಗಳ ಮೇಲಿದ್ದ ನಂಬರುಗಳು ಮಾತ್ರ ಬೇರೆ ಜನರವು. ಹೆಸರಿನ ಸುಳ್ಳು ಬಿಟ್ಟ ಹೊತ್ತಿಗೇ ಅವನು ದೊಡ್ಡ ಅಪರಾಧಕ್ಕೆ ಸಿಕ್ಕಿಬಿದ್ದ. ಆ ನಂಬರು ಇನ್ನೊಬ್ಬರದೆಂದು ಅವನಿಗೆ ತಿಳಿದಿತ್ತೆಂಬುದನ್ನು ಸಾಬೀತು ಮಾಡಬೇಕಿಲ್ಲ ಎಂದು ಎಂಟನೆಯ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯ ಹೇಳಿತು. 2009ರ ಮೇ 4ರಂದು ಸುಪ್ರೀಂ ಕೋರ್ಟ್ ಸರ್ವಾನುಮತದಿಂದ ಅದನ್ನು ತಿರುಗಿಸಿತು. ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ಬ್ರೇಯರ್. ಪ್ರತ್ಯೇಕ ಟಿಪ್ಪಣಿ ಬರೆದ ನ್ಯಾಯಮೂರ್ತಿ ಅಲಿಟೊ ಎತ್ತಿದ ಅಂಶ ಇನ್ನೂ ಮೊನಚಾದದ್ದು: ಒಬ್ಬ ಬಾಯಿಗೆ ಬಂದ ನಂಬರೊಂದನ್ನು ಬರೆದುಕೊಟ್ಟನೆನ್ನಿ, ಅದು ಯಾರದೋ ನಂಬರಿಗೆ ತಾಳೆಯಾದರೆ ಎರಡು ವರ್ಷ ಹೆಚ್ಚು ಜೈಲು, ಆಗದಿದ್ದರೆ ಇಲ್ಲ. ಶಿಕ್ಷೆ ಅದೃಷ್ಟದ ಮೇಲೆ ನಿಲ್ಲಬಾರದು.

ಇಂಥದೇ ಇನ್ನೊಂದು ಗೆಲುವು 2004ರ ಕರಾವುನಿ ಪ್ರಕರಣದ್ದು. ಅಂದಿನ ಐ-9 ಫಾರಂನಲ್ಲಿ ಒಂದೇ ಚೌಕದ ಎದುರು 'ಅಮೆರಿಕದ ನಾಗರಿಕ ಅಥವಾ ರಾಷ್ಟ್ರೀಯ' ಎಂದಿತ್ತು. ಅಮೆರಿಕನ್ ಸಮೋವಾದಲ್ಲಿ ಹುಟ್ಟಿದವರು ಅಮೆರಿಕದ ಕಾನೂನಿನ ಲೆಕ್ಕದಲ್ಲಿ ರಾಷ್ಟ್ರೀಯರು, ನಾಗರಿಕರಲ್ಲ. ಹಾಗಾಗಿ ಆ ಚೌಕಕ್ಕೆ ಗುರುತು ಹಾಕಿದ ಮಾತ್ರಕ್ಕೆ 'ನಾನು ನಾಗರಿಕ' ಎಂಬ ಸುಳ್ಳು ಹೇಳಿದಂತಾಗುವುದಿಲ್ಲ ಎಂದು ಒಂಬತ್ತನೆಯ ಸರ್ಕ್ಯೂಟ್ ದೋಷನಿರ್ಣಯವನ್ನು ರದ್ದುಮಾಡಿತು. ಸರ್ಕಾರ 2009ರಲ್ಲಿ ಫಾರಂನ ಚೌಕವನ್ನೇ ಎರಡು ಮಾಡಿತು. ಆ ದಾರಿ ಈಗ ಮುಚ್ಚಿದೆ.

2023ರ ಡೂಬಿನ್ ತೀರ್ಪು ಬಂದದ್ದು ವೈದ್ಯಕೀಯ ಬಿಲ್ಲಿನ ವಂಚನೆಯಲ್ಲಿ. ಇನ್ನೊಬ್ಬರ ಗುರುತನ್ನು ಬಳಸಿದ್ದೇ ಅಪರಾಧದ ತಿರುಳಾಗಿದ್ದರೆ ಮಾತ್ರ ಆ ಎರಡು ವರ್ಷ ಸೇರಿಸಬಹುದು ಎಂದು ಅದು ಬೇಲಿಯನ್ನು ಇನ್ನಷ್ಟು ಒಳಕ್ಕೆ ತಂದಿತು. ಆದರೆ ಕೆಲಸಕ್ಕಾಗಿ ಬೇರೆಯವರ ನಂಬರು ಕೊಟ್ಟವರಿಗೆ ಇದರಿಂದ ಹೆಚ್ಚು ಉಪಯೋಗವಿಲ್ಲ. ಅಲ್ಲಿ ನಂಬರೇ ತಿರುಳು. ಈ ಮೊದಲ ದಾರಿಯ ಮಿತಿಯೂ ಇದೇ. ಫ್ಲೋರೆಸ್ ಗೆದ್ದದ್ದು ಎರಡು ವರ್ಷದ ಹೆಚ್ಚುವರಿ ಶಿಕ್ಷೆಯ ವಿರುದ್ಧ ಮಾತ್ರ. ಸುಳ್ಳು ದಾಖಲೆಯ ಉಳಿದ ಅಪರಾಧ ಹಾಗೇ ನಿಂತಿತು.

ಪೋಸ್ಟ್‌ವಿಲ್: ಮೇಲ್ಮನವಿ ಹುಟ್ಟದ ಕಡೆ

ಮೇಲಿನ ತೀರ್ಪುಗಳನ್ನು ಓದಿ, ನ್ಯಾಯ ತಡವಾದರೂ ಸಿಗುತ್ತದೆ ಎಂದುಕೊಳ್ಳುವವರು ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಸಣ್ಣ ಊರಿನ ಕಥೆಯನ್ನೂ ಓದಬೇಕು. 2008ರ ಮೇ 12ರಂದು ಅಲ್ಲಿನ ಅಗ್ರಿಪ್ರೊಸೆಸರ್ಸ್ ಮಾಂಸದ ಕಾರ್ಖಾನೆಯ ಮೇಲೆ ದಾಳಿ ನಡೆದು 389 ಮಂದಿ ಬಂಧಿತರಾದರು. ಹೆಚ್ಚಿನವರು ಗ್ವಾಟೆಮಾಲಾದ ಮಾಯಾ ರೈತಾಪಿ ಜನ. ಕೆಲವರಿಗೆ ಸ್ಪ್ಯಾನಿಷ್ ಕೂಡ ಸರಿಯಾಗಿ ಬಾರದು. ವಿಚಾರಣೆ ನಡೆದದ್ದು ವಾಟರ್ಲೂ ಪಟ್ಟಣದ ಜಾನುವಾರು ಜಾತ್ರೆಯ ಮೈದಾನದಲ್ಲಿ. ಕೈಕಾಲಿಗೆ ಸರಪಳಿ ಹಾಕಿ ಹತ್ತತ್ತು ಮಂದಿಯನ್ನು ಸಾಲಾಗಿ ಕರೆತರುತ್ತಿದ್ದರು. ಒಬ್ಬೊಬ್ಬ ವಕೀಲರ ಪಾಲಿಗೆ ಹತ್ತಕ್ಕೂ ಹೆಚ್ಚು ಕಕ್ಷಿದಾರರು.

ಅವರ ಮುಂದಿಟ್ಟ ಆಯ್ಕೆ ಇಷ್ಟು. ಸುಳ್ಳು ದಾಖಲೆ ಬಳಸಿದೆನೆಂದು ಒಪ್ಪಿಕೊಂಡರೆ ಐದು ತಿಂಗಳು ಜೈಲು, ಆಮೇಲೆ ವಲಸೆ ನ್ಯಾಯಾಧೀಶರ ಮುಂದೆ ವಾದ ಮಾಡದೆ ಗಡಿಪಾರು. ಒಪ್ಪದಿದ್ದರೆ ಗುರುತಿನ ಕಳ್ಳತನದ ಕೇಸು, ಕನಿಷ್ಠ ಎರಡು ವರ್ಷ. ತೀರ್ಮಾನಿಸಲು ಏಳು ದಿನ. ಹತ್ತಿರ ಹತ್ತಿರ 300 ಮಂದಿ ಒಪ್ಪಿಕೊಂಡರು. ಕೋರ್ಟಿನ ದುಭಾಷಿಯಾಗಿದ್ದ ಪ್ರೊಫೆಸರ್ ಎರಿಕ್ ಕಮಾಯ್ಡ್-ಫ್ರೆಕ್ಸಸ್ ಅದನ್ನೆಲ್ಲ ಕಣ್ಣಾರೆ ಕಂಡು, ದುಭಾಷಿಗಳು ಸಾಮಾನ್ಯವಾಗಿ ಪಾಲಿಸುವ ಮೌನವನ್ನು ಮುರಿದು ದೀರ್ಘ ಪ್ರಬಂಧ ಬರೆದರು. ಸಂಸತ್ತಿನ ಸಮಿತಿಯ ಮುಂದೆಯೂ ಹೇಳಿಕೆ ಕೊಟ್ಟರು. ಸೋಷಿಯಲ್ ಸೆಕ್ಯುರಿಟಿ ನಂಬರು ಎಂದರೇನೆಂದೇ ಹಲವರಿಗೆ ತಿಳಿದಿರಲಿಲ್ಲ ಎಂಬುದು ಅವರು ಕಂಡ ಸತ್ಯ.

ಫ್ಲೋರೆಸ್ ತೀರ್ಪು ಬಂದದ್ದು ಇದಾಗಿ ಒಂದು ವರ್ಷಕ್ಕೆ ಎಂಟು ದಿನ ಕಡಿಮೆ ಇರುವಾಗ. ಯಾವ ಎರಡು ವರ್ಷದ ಭಯ ತೋರಿಸಿ ಒಪ್ಪಿಗೆ ಪಡೆದಿದ್ದರೋ ಆ ಭಯಕ್ಕೆ ಆಧಾರವಾದ ಅರ್ಥವನ್ನೇ ಸುಪ್ರೀಂ ಕೋರ್ಟ್ ತಳ್ಳಿಹಾಕಿತ್ತು. ಐದು ತಿಂಗಳ ಶಿಕ್ಷೆ ಅಷ್ಟರಲ್ಲಿ ಎಂದೋ ಮುಗಿದಿತ್ತು. ಗೆದ್ದ ತೀರ್ಪಿನಿಂದ ಅವರಿಗೆ ಸಿಕ್ಕಿದ್ದೇನೂ ಇಲ್ಲ. ಕಾರ್ಖಾನೆಯ ಮುಖ್ಯಸ್ಥ ಶೋಲಂ ರುಬಾಷ್ಕಿನ್ ಮೇಲಿದ್ದ ವಲಸೆ ಸಂಬಂಧಿ 72 ಆರೋಪಗಳನ್ನು ಸರ್ಕಾರ ಕೈಬಿಟ್ಟಿತು. ಆತ ಜೈಲಿಗೆ ಹೋದದ್ದು ಬ್ಯಾಂಕ್ ವಂಚನೆಗೆ, 27 ವರ್ಷದ ಶಿಕ್ಷೆಗೆ. 2017ರ ಡಿಸೆಂಬರಿನಲ್ಲಿ ಅಧ್ಯಕ್ಷ ಟ್ರಂಪ್ ಅದನ್ನು ಮೊಟಕುಗೊಳಿಸಿದರು.

ಮೇಲ್ಮನವಿಯ ಕಾನೂನನ್ನು ಕುರಿತ ಪುಸ್ತಕಗಳಲ್ಲಿ ಪೋಸ್ಟ್‌ವಿಲ್‌ಗೆ ಜಾಗ ಕಡಿಮೆ, ಏಕೆಂದರೆ ಅಲ್ಲಿ ಮೇಲ್ಮನವಿಯೇ ಹುಟ್ಟಲಿಲ್ಲ. ಫೆಡರಲ್ ಕೋರ್ಟಿನ ತೀರ್ಪಿನ ವಿರುದ್ಧ ನೋಟಿಸು ಸಲ್ಲಿಸಲು ಆರೋಪಿಗೆ ಆಗ ಇದ್ದದ್ದು 10 ದಿನ (ಈಗ 14). ತಪ್ಪೊಪ್ಪಿಗೆಯ ಒಪ್ಪಂದಗಳಲ್ಲಿ ಮೇಲ್ಮನವಿಯ ಹಕ್ಕನ್ನೇ ಬಿಟ್ಟುಕೊಟ್ಟೆನೆಂಬ ಸಾಲು ಸೇರಿಸುವುದೂ ಅಲ್ಲಿ ಮಾಮೂಲು. ಮೇಲ್ಮನವಿಯ ಪ್ರಶ್ನೆಯ ನಿಜವಾದ ಭಾರ ಇರುವುದು ಇಲ್ಲೇ ಎಂದು ನಾನು ತಿಳಿಯುತ್ತೇನೆ.

ಶಿಕ್ಷಿಸುವ ಅಧಿಕಾರ ಯಾರದು?

ಮೇಲ್ಮನವಿಯ ಎರಡನೆಯ ದಾರಿಗೆ ಆರೋಪಿಯ ಮನಸ್ಸಿನ ಗೊಡವೆ ಇಲ್ಲ. ವಲಸೆ ಕೇಂದ್ರದ ವಿಷಯ, ರಾಜ್ಯಗಳು ಕೈಹಾಕುವಂತಿಲ್ಲ ಎಂಬುದು ಅದರ ವಾದ.

2010ರಲ್ಲಿ ಅರಿಜೋನಾ ರಾಜ್ಯ ಅನುಮತಿ ಇಲ್ಲದೆ ಕೆಲಸ ಹುಡುಕುವುದನ್ನೂ ಮಾಡುವುದನ್ನೂ ಅಪರಾಧ ಮಾಡಿತು: ಆರು ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ. 1986ರಲ್ಲಿ ಸಂಸತ್ತು ಬೇಡವೆಂದು ಬಿಟ್ಟದ್ದನ್ನು ರಾಜ್ಯ ಹಿಂಬಾಗಿಲಿನಿಂದ ತಂದಂತಾಯಿತು. 2012ರ ಜೂನ್ 25ರಂದು ನ್ಯಾಯಮೂರ್ತಿ ಕೆನೆಡಿ ಬರೆದ ತೀರ್ಪು ಅದನ್ನು ರದ್ದುಪಡಿಸಿತು. ಕೆಲಸಗಾರನನ್ನು ಶಿಕ್ಷಿಸದಿರುವುದೂ ಸಂಸತ್ತು ಆಲೋಚಿಸಿ ಮಾಡಿದ ಆಯ್ಕೆಯೇ, ರಾಜ್ಯ ಅದಕ್ಕೆ ಅಡ್ಡ ಬರಬಾರದು ಎಂಬುದು ಅದರ ಸಾರ.

ಹಾಗಾದರೆ ರಾಜ್ಯಗಳ ಬಾಗಿಲು ಮುಚ್ಚಿತೇ? ಎಂಟು ವರ್ಷವಾಗುವುದರೊಳಗೆ ಕ್ಯಾನ್ಸಸ್ ರಾಜ್ಯದಿಂದ ಬೇರೆ ಉತ್ತರ ಬಂತು. ಹೋಟೆಲೊಂದರಲ್ಲಿ ಅಡುಗೆಯವನಾಗಿದ್ದ ಗಾರ್ಸಿಯಾ 2012ರಲ್ಲಿ ಕೆಲಸಕ್ಕೆ ಹೋಗುವಾಗ ಕಾರನ್ನು ಜೋರಾಗಿ ಓಡಿಸಿ ಪೊಲೀಸರ ಕೈಗೆ ಸಿಕ್ಕ. ವಿಚಾರಿಸುತ್ತ ಹೋದಂತೆ ಬೇರೊಬ್ಬರ ಸೋಷಿಯಲ್ ಸೆಕ್ಯುರಿಟಿ ನಂಬರು ಹೊರಬಿತ್ತು. ಐ-9 ಫಾರಂನ ಮಾಹಿತಿಯನ್ನು ವಲಸೆ ಕಾಯ್ದೆಯ ಜಾರಿಗೂ ಹೆಸರಿಸಿದ ಕೆಲವು ಫೆಡರಲ್ ಅಪರಾಧಗಳಿಗೂ ಬಿಟ್ಟು ಬೇರೆಯದಕ್ಕೆ ಬಳಸಬಾರದು ಎಂದು 1986ರ ಕಾನೂನೇ ಹೇಳುತ್ತದೆ. ಸರ್ಕಾರಿ ವಕೀಲರು ಐ-9 ಫಾರಂ ಬದಿಗಿಟ್ಟು, ಸಂಬಳದಲ್ಲಿ ತೆರಿಗೆ ಹಿಡಿಯಲು ತುಂಬಿಕೊಡುವ ಡಬ್ಲ್ಯು-4 ಮತ್ತು ಕೆ-4 ಫಾರಂಗಳನ್ನು ಹಿಡಿದರು. ಕ್ಯಾನ್ಸಸ್ ಸುಪ್ರೀಂ ಕೋರ್ಟ್ 2017ರಲ್ಲಿ ಶಿಕ್ಷೆ ರದ್ದುಮಾಡಿತು: ಅದೇ ನಂಬರು ಐ-9ರಲ್ಲೂ ಇದೆಯಲ್ಲ, ಮುಟ್ಟುವಂತಿಲ್ಲ ಎಂದು. 2020ರ ಮಾರ್ಚ್ 3ರಂದು ಅಮೆರಿಕದ ಸುಪ್ರೀಂ ಕೋರ್ಟ್ 5-4ರಲ್ಲಿ ಅದನ್ನು ತಿರುಗಿಸಿ, ತೆರಿಗೆ ಫಾರಂಗೆ ಆ ರಕ್ಷಣೆ ಇಲ್ಲ ಎಂದಿತು. ಬಹುಮತದ ತೀರ್ಪು ಅಲಿಟೊ ಅವರದು.

ಭಿನ್ನಮತ ಬರೆದ ಬ್ರೇಯರ್ ಎತ್ತಿದ ಆಕ್ಷೇಪ ನನಗೆ ಹೆಚ್ಚು ಗಟ್ಟಿಯಾಗಿ ಕಾಣುತ್ತದೆ. ಕೆಲಸಕ್ಕೆ ಸೇರುವ ದಿನ ಈ ಫಾರಂಗಳನ್ನೆಲ್ಲ ಒಟ್ಟಿಗೇ ತುಂಬಿಸಿಕೊಳ್ಳುತ್ತಾರೆ, ಒಂದೇ ಸುಳ್ಳು ಎಲ್ಲದರಲ್ಲೂ ಹರಿಯುತ್ತದೆ. ಕೆಲಸದ ಅನುಮತಿ ಕುರಿತ ವಂಚನೆಯನ್ನು ಕೇಂದ್ರವೇ ನೋಡಿಕೊಳ್ಳಬೇಕು ಎಂಬ ವ್ಯವಸ್ಥೆಗೆ ಈ ಬಾಗಿಲಿನಿಂದ ಅರ್ಥವೇ ಉಳಿಯುವುದಿಲ್ಲ. ಬಹುಮತದ ಪರವಾಗಿಯೂ ಒಂದು ಮಾತು ಹೇಳಬೇಕು. ಯಾರದೋ ನಂಬರಿನಲ್ಲಿ ಇನ್ನೊಬ್ಬರು ದುಡಿದರೆ ತೆರಿಗೆ ನೋಟಿಸು ಬರುವುದು ಆ ನಂಬರಿನ ಅಸಲಿ ಒಡೆಯನಿಗೆ. ಅವನನ್ನು ಕಾಪಾಡುವ ಹೊಣೆ ರಾಜ್ಯಕ್ಕಿದೆ ಎಂಬುದನ್ನು ತಳ್ಳಿಹಾಕಲಾಗದು.

ವಕೀಲರು ಹೇಳದಿದ್ದರೆ

ಮೂರನೆಯ ದಾರಿ ತಪ್ಪೊಪ್ಪಿಗೆಯನ್ನೇ ಪ್ರಶ್ನಿಸುವುದು. ಇದರ ತಾಯಿ ಪ್ರಕರಣ ಗಾಂಜಾ ಸಾಗಣೆಯದು. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ಪರ ಹೋರಾಡಿದ್ದ ಹೊಂಡುರಾಸ್ ಮೂಲದ ಲಾರಿ ಚಾಲಕನಿಗೆ, ಇಷ್ಟು ವರ್ಷದಿಂದ ಇಲ್ಲೇ ಇದ್ದೀಯ, ಗಡಿಪಾರಿನ ಚಿಂತೆ ಬೇಡ ಎಂದು ಅವನ ವಕೀಲರು ಹೇಳಿದ್ದರು. ಅದು ತಪ್ಪು ಸಲಹೆ. 2010ರ ಪಡಿಯಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಗಡಿಪಾರಿನ ಅಪಾಯವನ್ನು ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದಿತು. 2013ರಲ್ಲಿ ಅದೇ ಕೋರ್ಟ್, ಪಡಿಯಾಕ್ಕೂ ಮೊದಲೇ ಅಂತಿಮವಾದ ಕೇಸುಗಳಿಗೆ ಇದು ಅನ್ವಯಿಸದು ಎಂದು ಗೆರೆ ಎಳೆಯಿತು. 2017ರ ಲೀ ಪ್ರಕರಣದಲ್ಲಿ, ಕೇಸು ಗೆಲ್ಲುವ ಆಸೆ ಕ್ಷೀಣವಾಗಿದ್ದರೂ ಗಡಿಪಾರಿನ ಸಂಗತಿ ಮೊದಲೇ ತಿಳಿದಿದ್ದರೆ ತಾನು ವಿಚಾರಣೆಯನ್ನೇ ಆರಿಸಿಕೊಳ್ಳುತ್ತಿದ್ದೆ ಎಂದು ಆರೋಪಿ ತೋರಿಸಿದರೆ ಸಾಕು ಎಂದಿತು. ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಗಿ, ಶಿಕ್ಷೆ ಮುಗಿಸಿ ಹೊರಬಂದವರೂ ಹಳೆಯ ದೋಷನಿರ್ಣಯವನ್ನು ಈ ಕಾರಣಕ್ಕೆ ಅಳಿಸಿಕೊಳ್ಳಬಹುದಾದ ಕಾನೂನನ್ನು 2017ರ ಜನವರಿಯಿಂದ ಜಾರಿಗೆ ತಂದಿದೆ.

ಬ್ರಿಟನ್ನಿನಲ್ಲೂ ಇದರ ಜೋಡಿ ಉಂಟು. ನಿರಾಶ್ರಿತರು ಸುಳ್ಳು ಪಾಸ್‌ಪೋರ್ಟಿನಲ್ಲಿ ಬಂದರೂ ಕೆಲವು ಸಂದರ್ಭಗಳಲ್ಲಿ ಶಿಕ್ಷಿಸಬಾರದೆಂಬ ರಕ್ಷಣೆ ಅಲ್ಲಿನ 1999ರ ಕಾಯ್ದೆಯಲ್ಲಿದೆ. ವಕೀಲರು ಅದನ್ನು ಹೇಳದೆ ತಪ್ಪೊಪ್ಪಿಸಿದ ಹಲವರ ದೋಷನಿರ್ಣಯವನ್ನು 2013ರ ಮಟೇಟಾ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಮಾಡಿತು.

ದುಡಿದ ಸಂಬಳವೂ ಪಾಪದ ದುಡ್ಡೇ?

ಅಮೆರಿಕ ದಾಟದೆ ಬಿಟ್ಟ ಗೆರೆಯನ್ನು ಬ್ರಿಟನ್ ದಾಟಿತು. 2016ರ ಜುಲೈ 12ರಿಂದ ಅಲ್ಲಿ ಅನುಮತಿ ಇಲ್ಲದೆ ಕೆಲಸ ಮಾಡುವುದೇ ಅಪರಾಧ. ಹಾಗೆ ಗಳಿಸಿದ ಸಂಬಳ ಅಪರಾಧದ ಗಳಿಕೆಯೆಂದು ಜಪ್ತಿಯಾಗಬಹುದು. ನಮ್ಮಲ್ಲೂ ವೀಸಾ ಷರತ್ತು ಮುರಿದ ವಿದೇಶಿಯರಿಗೆ ಜೈಲು ಶಿಕ್ಷೆಯ ಅವಕಾಶ ಹಿಂದಿನಿಂದಲೂ ಇದೆ. 1946ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಬಂದ ಹೊಸ ಕಾಯ್ದೆಯಲ್ಲೂ ಉಳಿದಿದೆ.

ಬ್ರಿಟನ್ನಿನ ಜಪ್ತಿ ವಿವಾದ ಈ ಕಾನೂನಿಗಿಂತ ಹಳೆಯದು. ಐವರಿ ಕೋಸ್ಟಿನ ಪೌಲೆ ಎಂಬಾತ ನಕಲಿ ಫ್ರೆಂಚ್ ಪಾಸ್‌ಪೋರ್ಟ್ ತೋರಿಸಿ ಕೆಲಸಗಳಿಗೆ ಸೇರಿದ್ದ. ಮೈಮುರಿದು ದುಡಿದು, ತೆರಿಗೆ ಕಟ್ಟಿ, ಸುಮಾರು 22 ಸಾವಿರ ಪೌಂಡ್ ಉಳಿಸಿದ್ದ. ಶಿಕ್ಷೆಯ ಜತೆ ಆ ಉಳಿತಾಯವನ್ನೆಲ್ಲ ಕಿತ್ತುಕೊಳ್ಳುವ ಆದೇಶವಾಯಿತು. 2009ರಲ್ಲಿ ಮೇಲ್ಮನವಿ ಸೋತಿತು. ಆತ ಸ್ಟ್ರಾಸ್‌ಬರ್ಗ್‌ನ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದ. ಕಿತ್ತುಕೊಂಡದ್ದು ತಪ್ಪಿಗೆ ತಕ್ಕಷ್ಟಿದೆಯೇ ಎಂದು ಬ್ರಿಟನ್ನಿನ ಕೋರ್ಟುಗಳು ಸರಿಯಾಗಿ ತೂಗಿ ನೋಡಲಿಲ್ಲ, ಹಾಗಾಗಿ ಆಸ್ತಿಯ ಹಕ್ಕಿಗೆ ಧಕ್ಕೆಯಾಗಿದೆ ಎಂದು ಆ ನ್ಯಾಯಾಲಯ 2014ರ ಮೇ 13ರಂದು ಹೇಳಿತು. ಆಳುಗಳ ಬೆವರಿಗೆ ಬೆಲೆಯುಂಟೇ ಎಂಬ ಪ್ರಶ್ನೆಗೆ ಹತ್ತಿರ ಬಂದು ಅಷ್ಟರಲ್ಲೇ ನಿಂತ ತೀರ್ಪದು. 2022ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್, ಬಯೋಡೇಟಾದಲ್ಲಿ ಸುಳ್ಳು ಬರೆದು ದೊಡ್ಡ ಹುದ್ದೆ ಹಿಡಿದವನ ಕೇಸಿನಲ್ಲಿ ನಡುದಾರಿ ಹಿಡಿಯಿತು: ಇಡೀ ಸಂಬಳ ಬೇಡ, ಸುಳ್ಳಿನಿಂದ ಹೆಚ್ಚಾದ ಗಳಿಕೆಯನ್ನಷ್ಟೇ ತೆಗೆದುಕೊಳ್ಳಿ ಎಂದು. ಆದರೆ ಕೆಲಸ ಮಾಡುವುದೇ ಕಾನೂನುಬಾಹಿರವಾದಾಗ ಈ ನಡುದಾರಿ ಅಷ್ಟು ಸಲೀಸಾಗಿ ಹೊಂದದು ಎಂಬ ಸೂಚನೆಯೂ ಅದರಲ್ಲಿದೆ.

ಇತ್ಯರ್ಥವಾಗದೆ ಉಳಿದದ್ದು

ಕೆಲಸಕ್ಕಾಗಿ ಸುಳ್ಳು ನಂಬರು ಬಳಸುವುದು 'ನೈತಿಕ ಅಧಃಪತನದ ಅಪರಾಧ'ವೇ ಎಂಬುದರಲ್ಲಿ ಅಮೆರಿಕದ ಸರ್ಕ್ಯೂಟುಗಳು ಒಮ್ಮತಕ್ಕೆ ಬಂದಿಲ್ಲ. ಒಂಬತ್ತನೆಯ ಸರ್ಕ್ಯೂಟ್ 2000ದಲ್ಲಿ ಅಲ್ಲವೆಂದಿತು. ಐದನೆಯದೂ ಎಂಟನೆಯದೂ ಒಪ್ಪಲಿಲ್ಲ. ವಲಸಿಗರಿಗೆ ಇದು ಶಿಕ್ಷೆಯ ಅವಧಿಗಿಂತ ಮುಖ್ಯ, ಏಕೆಂದರೆ ಮತ್ತೆ ಆ ದೇಶಕ್ಕೆ ಕಾಲಿಡಬಹುದೇ ಎಂಬುದು ಇದರ ಮೇಲೆ ನಿಂತಿದೆ.

ಗಡಿಪಾರಾದವನ ಮೇಲ್ಮನವಿಯ ಗತಿ ಏನೆಂಬುದೂ ಊರಿಗೊಂದು ಬಗೆ. ಒತ್ತಾಯದಿಂದ ಹೊರಹಾಕಿದ್ದನ್ನೇ ನೆಪ ಮಾಡಿ ಹಕ್ಕಿನ ಮೇಲ್ಮನವಿಯನ್ನು ವಜಾ ಮಾಡಬಾರದೆಂದು ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ 2011ರಲ್ಲಿ ಹೇಳಿದೆ. ಎಲ್ಲ ಕೋರ್ಟುಗಳೂ ಅಷ್ಟು ಉದಾರವಾಗಿಲ್ಲ. ಇನ್ನು ಗಾರ್ಸಿಯಾ ತೀರ್ಪಿನ ಬಲದಲ್ಲಿ ರಾಜ್ಯಗಳು ಎಷ್ಟು ದೂರ ಹೋಗಬಹುದು ಎಂಬುದರ ಎಲ್ಲೆಯನ್ನು ಯಾರೂ ಗುರುತಿಸಿಲ್ಲ. ತೆರಿಗೆ ಫಾರಂ ಆಯಿತು, ಮುಂದೆ ಬ್ಯಾಂಕಿನ ಫಾರಂ, ವಿಮೆಯ ಫಾರಂ ಬರಬಹುದು.

ಎಲ್ಲಕ್ಕಿಂತ ತೊಡಕಿನದು ಯಾವುದು ಕೆಲಸ ಎಂಬ ಪ್ರಶ್ನೆಯೇ. ವ್ಯವಹಾರದ ಭೇಟಿಗೆ ಕೊಡುವ ಬಿ-1 ವೀಸಾದಲ್ಲಿ ಮೀಟಿಂಗಿಗೆ ಹೋಗಬಹುದು, ನೌಕರಿ ಮಾಡುವಂತಿಲ್ಲ. ಬೆಂಗಳೂರಿನ ಇನ್ಫೋಸಿಸ್ ಈ ವೀಸಾದ ಬಳಕೆ ಕುರಿತ ಆರೋಪಗಳನ್ನು 2013ರ ಅಕ್ಟೋಬರಿನಲ್ಲಿ 3.4 ಕೋಟಿ ಡಾಲರ್ ಕೊಟ್ಟು ಸಿವಿಲ್ ರಾಜಿಯಲ್ಲಿ ಮುಗಿಸಿತು. ವಂಚನೆಯ ಆರೋಪವನ್ನು ಅದು ಒಪ್ಪಲಿಲ್ಲ. 2025ರ ಸೆಪ್ಟೆಂಬರ್ 4ರಂದು ಜಾರ್ಜಿಯಾದ ಹ್ಯುಂಡೈ-ಎಲ್‌ಜಿ ಬ್ಯಾಟರಿ ಕಾರ್ಖಾನೆಯ ನಿರ್ಮಾಣ ಸ್ಥಳದಲ್ಲಿ 475 ಮಂದಿಯನ್ನು ಹಿಡಿದಾಗ ಅದೇ ಪ್ರಶ್ನೆ ಮತ್ತೆ ಎದ್ದಿತು. ಅವರಲ್ಲಿ 300ಕ್ಕೂ ಹೆಚ್ಚು ಮಂದಿ ಕೊರಿಯಾದವರು. ಯಂತ್ರ ಜೋಡಿಸಿಕೊಡುವುದು ನೌಕರಿಯೋ ವ್ಯವಹಾರದ ಭೇಟಿಯೋ? ಎರಡು ಕಡೆಯೂ ಮಾತುಕತೆಯಲ್ಲಿ ಮುಗಿದದ್ದರಿಂದ ಮೇಲಿನ ಕೋರ್ಟು ಉತ್ತರಿಸುವ ಸಂದರ್ಭ ಬರಲಿಲ್ಲ. ಅಮೆರಿಕದ ನಿಯಮಾವಳಿ ಉದ್ಯೋಗವೆಂದರೆ ಅಮೆರಿಕದೊಳಗೆ ಮಾಲೀಕನೊಬ್ಬನಿಗಾಗಿ ಮಾಡುವ ಸೇವೆ ಅಥವಾ ಶ್ರಮ ಎನ್ನುತ್ತದೆ. ಮಾಲೀಕನೆಂದರೆ ಅಮೆರಿಕದಲ್ಲಿ ನಡೆಯಬೇಕಾದ ಶ್ರಮವನ್ನು ಪಡೆಯುವವನು. ಮಗಳ ಬಾಣಂತನಕ್ಕೆಂದು ವಿಸಿಟರ್ ವೀಸಾದಲ್ಲಿ ನ್ಯೂಜೆರ್ಸಿಗೆ ಹೋದ ತಾಯಿ, ರಾತ್ರಿ ಹೊತ್ತು ಲ್ಯಾಪ್‌ಟಾಪ್ ತೆರೆದು ಜಯನಗರದ ತನ್ನ ಆಫೀಸಿನ ಲೆಕ್ಕಪತ್ರ ನೋಡಿದರೆ ಅವಳು ಈ ವ್ಯಾಖ್ಯೆಯ ಒಳಗೋ ಹೊರಗೋ ಎಂಬುದನ್ನು ಎರಡು ರೀತಿಯಲ್ಲೂ ವಾದಿಸಬಹುದು. ವಕೀಲರು ವಾದಿಸುತ್ತಲೂ ಇದ್ದಾರೆ.